ಕಿಟಕಿಯ ಬೆಳಕಿಗೆ ಹೊಟ್ಟೆ

ಫೋಟೋ ಎಂದರೆ ಓಡಿಹೋಗುವ ಮನುಷ್ಯ ನಾನು. ಮದುವೆಯ ಫೋಟೋದಲ್ಲೂ ಅರ್ಧ ಮುಖ ಹಾರದ ಹಿಂದಿದೆ. ಅಂಥವನು ಈಗ ಬೆಳಗಾದರೆ ಅಂಗಿ ಎತ್ತಿ, ಕಿಟಕಿಯ ಬೆಳಕಿಗೆ ಹೊಟ್ಟೆಯೊಡ್ಡಿ ನಿಲ್ಲುತ್ತೇನೆ. ಅರಸೀಕೆರೆಯ ನಮ್ಮ ಕೊಬ್ಬರಿ ಅಂಗಡಿಯಲ್ಲಿ ಬೇಡವೆಂದರೂ ಮೂಟೆ ಎತ್ತಿದ್ದಕ್ಕೆ ಹೊಕ್ಕುಳ ಪಕ್ಕ ಹರ್ನಿಯಾ ಆಗಿ, ಆಪರೇಷನ್ನೂ ಆಯಿತು. ಮನೆಗೆ ಕಳಿಸುವಾಗ ನರ್ಸಮ್ಮ, “ದಿನಾ ಬರೋದು ಬೇಡ. ಗಾಯದ ಫೋಟೋ ವಾಟ್ಸಾಪ್ ಮಾಡಿ. ಏನಾದ್ರೂ ಕಂಡ್ರೆ ನಾವೇ ಫೋನ್ ಮಾಡ್ತೀವಿ” ಎಂದರು.

ಮೊದಲ ಐದು ದಿನ ಫೋಟೋ ತೆಗೆದವಳು ನನ್ನ ಹೆಂಡತಿ ಗಿರಿಜ. “ಉಸ್ರು ಬಿಗಿ ಹಿಡ್ಕಳ್ಳಿ, ಬರೀ ಹೊಟ್ಟೇನೇ ಕಾಣ್ತೈತೆ” ಎಂದು ಗದರುತ್ತಿದ್ದಳು. ಆರನೆಯ ದಿನ ಅವಳ ತವರೂರು ಗಂಡಸಿಯಲ್ಲಿ ಅವಳ ತಾಯಿ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡರು. ನೋಡಿಕೊಳ್ಳಲು ಬೇರೆ ಯಾರೂ ಇಲ್ಲ, ಗಿರಿಜ ಹೊರಟಳು. ಗಂಡಸಿಯೇನು ಕಾಶಿಯಲ್ಲ, ಬಸ್ಸಿನಲ್ಲಿ ಒಂದು ತೂಕಡಿಕೆಯಷ್ಟು ದೂರ. ಆದರೆ ನನಗೆ ಬಸ್ಸು ಹತ್ತುವ ಅಪ್ಪಣೆ ಇರಲಿಲ್ಲ.

ಮನೆ ಬಿಕೋ ಎನ್ನತೊಡಗಿತು. ಕುಕ್ಕರ್ ಕೂಗಿದರೂ ಮಾತಾಡಿಸಬೇಕೆನಿಸುತ್ತಿತ್ತು. ಫೋಟೋವನ್ನು ಅವಳಿಗೂ ಕಳಿಸತೊಡಗಿದೆ. ಅವಳು ಗಾಯ ಬಿಟ್ಟು ಹಿಂದಿನ ಕುರ್ಚಿ ನೋಡಿ, “ಆ ಟವೆಲ್ಲು ನಿನ್ನೆ ಹಾಕಿದ್ದೇ ಅಲ್ವಾ? ಒಗೆಯಾಕ್ ಹಾಕ್ರಿ” ಎನ್ನುತ್ತಿದ್ದಳು. ಆ ಒಂದು ಮಾತಿಗಾಗಿ ಕಾದು ಕೂರುತ್ತಿದ್ದೆ. ಹಾಳು ಗಾಯ ಮಾತ್ರ ಚೆನ್ನಾಗಿ ಒಣಗುತ್ತಿತ್ತು. ನರ್ಸಮ್ಮ ದಿನವೂ ಹೆಬ್ಬೆರಳಿನ ಚಿತ್ರ ಕಳಿಸುವರು, ನನಗೆ ಅದನ್ನು ಕಂಡರೆ ಸಂಕಟ. ನೀನು ಬಾ ಎಂದು ಹೇಳೋಣವೆಂದರೆ, ಕಾಲು ಮುರಿದ ಅತ್ತೆಯ ಜೊತೆ ಯಾವ ಮುಖವಿಟ್ಟುಕೊಂಡು ಪೈಪೋಟಿಗಿಳಿಯಲಿ?

ಹನ್ನೊಂದನೆಯ ದಿನ ಪೂಜೆ ಮುಗಿಸಿ ಫೋಟೋ ಕಳಿಸಿದೆ. ಗಾಯದ ಸುತ್ತ ಏನೋ ಬೆಳ್ಳಗೆ ಕಂಡು ನರ್ಸಮ್ಮ ಗಾಬರಿಯಾಗಿ ಫೋನ್ ಮಾಡಿದ್ದು ಗಿರಿಜಳಿಗೆ. ಆಸ್ಪತ್ರೆಯ ಚೀಟಿಯಲ್ಲಿದ್ದದ್ದು ಅವಳ ನಂಬರು. ತಾಯಿಯ ಪಕ್ಕ ನೆರೆಮನೆಯವರನ್ನು ಕೂರಿಸಿ, ಸಿಕ್ಕಿದ ಬಸ್ಸು ಹತ್ತಿ ಬಂದೇಬಿಟ್ಟಳು. ಚಪ್ಪಲಿ ಬಿಟ್ಟವಳೇ ನನ್ನ ಅಂಗಿ ಎತ್ತಿಸಿದಳು, ಬೆರಳಲ್ಲಿ ಮುಟ್ಟಿ ಮೂಸಿದಳು.

“ವಿಭೂತಿ ಕಣ್ರೀ ಇದು.”

“ಪೂಜೆಗೆ ಕೂತರೆ ಹಣೆ, ತೋಳು, ಎದೆ, ಹೊಟ್ಟೆ, ಎಲ್ಲಾ ಕಡೆ ಹಚ್ಚೋದು ನಮ್ಮಜ್ಜನ ಕಾಲದ ಕ್ರಮ” ಎಂದೆ.

“ಅಜ್ಜಂದು ಸರಿ. ಮೂವತ್ತು ವರ್ಷದಾಗೆ ನಿಮ್ ವಿಭೂತಿ ಹಣೆಯಿಂದ ಕೆಳಕ್ಕಿಳಿದದ್ದ ನಾ ನೋಡಿಲ್ಲ.”

ನಾನು ಕಿಟಕಿಯಾಚೆ ನೋಡಿದೆ. ಅವಳು ನರ್ಸಮ್ಮನಿಗೆ ವಿಷಯ ತಿಳಿಸಿ, ಉಪ್ಪಿಟ್ಟು ಮಾಡಿಟ್ಟು, ಟವೆಲ್ಲು ಒಗೆದು ಹಾಕಿ ಮಧ್ಯಾಹ್ನದ ಬಸ್ಸಿಗೆ ಹೊರಟಳು. ಹೋಗುವಾಗ ದೇವರ ಗೂಡಿನಲ್ಲಿದ್ದ ವಿಭೂತಿ ಗಟ್ಟಿಯನ್ನು ತನ್ನ ಚೀಲಕ್ಕೆ ಹಾಕಿಕೊಂಡಳು.

ಗಾಯ ಈಗ ಪೂರ್ತಿ ಮಾಯ್ದಿದೆ. ಇನ್ನು ಫೋಟೋ ಬೇಡವೆಂದು ಆಸ್ಪತ್ರೆಯವರೇ ಹೇಳಿದ್ದಾರೆ. ಆದರೂ ಇವತ್ತೊಂದು ತೆಗೆದು ಗಂಡಸಿಗೆ ಕಳಿಸಿದ್ದೇನೆ. ಹಿಂದಿನ ಕುರ್ಚಿಯ ಮೇಲೆ ಮೂರು ದಿನದ ಕೊಳೆ ಟವೆಲ್ಲು ಚೆನ್ನಾಗಿ ಕಾಣುವಂತೆ ಹರಡಿದ್ದೇನೆ.