ಅಂಗಾಲಿಗೆ ತಂಗಾಳಿ

“ನೋಡ್ತಾ ಇರು, ಇವತ್ತಿನಿಂದ ನನ್ನ ಅಂಗಾಲು ತಂಪಿನ ತವರುಮನೆ!”

ಕನ್ನಡಕದ ಅಂಗಡಿಯ ಯಜಮಾನರು ಹೀಗೆ ಗುಡುಗಿದಾಗ ಹೆಂಡತಿ ಬಟ್ಟೆ ಮಡಿಸುತ್ತಿದ್ದಳು.

“ಮೊದ್ಲು ಆ ಸಾಕ್ಸ್ ಒಗೆಯೋಕೆ ಹಾಕಿ. ಅದ್ರ ವಾಸನೆಗೆ ಸೊಳ್ಳೆಗಳೂ ಮನೆ ಖಾಲಿ ಮಾಡಿವೆ.”

ಯಜಮಾನರಿಗೆ ಸಂಜೆ ಟೆನಿಸ್ ಆಡುವ ಹುಚ್ಚು. ಆದರೆ ಒಂದು ಆಟ ಮುಗಿಯುವಷ್ಟರಲ್ಲಿ ಶೂ ಒಳಗೆ ಕಾಲು ಬೆಂದ ಆಲೂಗಡ್ಡೆ! ಪೌಡರ್ ಸುರಿದರು, ಕೆಸರಾಯಿತು. ಎರಡು ಜೊತೆ ಸಾಕ್ಸ್ ಹಾಕಿದರು, ಎರಡೂ ತೊಪ್ಪೆಯಾದವು. ಕೊನೆಗೆ ಕಾದ ಸೂಜಿಯಿಂದ ಶೂಗಳ ಹಿಮ್ಮಡಿಗೆ ತೂತು ಕೊರೆದು, ಒಳಗೆ ದಪ್ಪ ಸ್ಪಂಜು ಹಾಸಿದರು. ಕಾಲೂರಿದರೆ ಬಿಸಿಗಾಳಿ ಹೊರಕ್ಕೆ, ಎತ್ತಿದರೆ ತಂಗಾಳಿ ಒಳಕ್ಕೆ!

ಗಾಳಿ ಕಾಲಿಗೆ ಹೊಗುವ ಮೊದಲೇ ತಲೆಗೆ ಹೊಕ್ಕಿತು.

“ಅಮ್ಮನ್ನ ಹಿಂದಿನ ಕೋಣೆಗೆ ಕಳಿಸೋಣ. ಮುಂದಿನ ಕೋಣೆ ಇನ್ಮೇಲೆ ನನ್ನ ಕಾರ್ಯಾಗಾರ.”

“ಹಿಂದಿನ ಕೋಣೆಗೆ ಕಿಟಕೀನೇ ಇಲ್ಲ. ನಿಮ್ಮ ಕಾಲಿಗೆ ಗಾಳಿ ಬೇಕು, ಅತ್ತೆಗೆ ಬೇಡ್ವಾ?”

“ವಿಜ್ಞಾನಕ್ಕೆ ತ್ಯಾಗ ಬೇಕು ಕಣೇ!”

“ವಿಜ್ಞಾನ ನಿಮ್ಮದು, ತ್ಯಾಗ ಅತ್ತೆಯವರದ್ದು. ಚೆನ್ನಾಗಿದೆ!”

ಆ ಸಂಜೆ ಯಜಮಾನರು ಗೆದ್ದೇ ಬಿಟ್ಟರು. ಆಟದ ಗದ್ದಲದಲ್ಲಿ ಏನೂ ಕೇಳಿಸಲಿಲ್ಲ. ಮನೆಯ ಕಡೆ ತಿರುಗುವ ಹೊತ್ತಿಗೆ ಮಂಜು ಇಳಿದಿತ್ತು. ಎರಡೂ ಕಡೆ ಎತ್ತರದ ಗೋಡೆಗಳಿರುವ ಓಣಿ, ನರಪಿಳ್ಳೆಯೂ ಇಲ್ಲ. ಕನ್ನಡಕ ಬೇರೆ ಮಸುಕು.

ಬೆನ್ನ ಹಿಂದೆಯೇ ಯಾರೋ ಉಸಿರು ಬಿಟ್ಟರು. ಉಸ್ಸ್… ಹ್ಹಾ.

ನಿಂತರು. ಅದೂ ನಿಂತಿತು. ತಿರುಗಿ ನೋಡಿದರೆ ಬರೀ ಮಂಜು. ಹೆಜ್ಜೆ ಇಟ್ಟರು. ಉಸ್ಸ್… ಹ್ಹಾ.

ಯಜಮಾನರ ಕೂದಲು ನಿಮಿರಿ ನಿಂತಿತು. ಆ ಉಸಿರು ಅವರಿಗೆ ಗೊತ್ತಿತ್ತು! ತೀರಿಹೋದ ತಂದೆಗೆ ಉಬ್ಬಸ. ಮೆಟ್ಟಿಲು ಹತ್ತಿ ಬಂದರೆ ಥೇಟ್ ಹೀಗೇ ಉಸಿರು ಬಿಡುತ್ತಿದ್ದರು.

ಎದ್ದೆನೋ ಬಿದ್ದೆನೋ ಎಂದು ಓಡಿದರು. ಉಸಿರೂ ಓಡಿತು, ಅದೂ ಏದುಸಿರಾಗಿ! ಬಾಗಿಲು ನೂಕಿ, ಕಣ್ಣಿಗೆ ಬಿದ್ದ ಮುಂದಿನ ಕೋಣೆಗೇ ನುಗ್ಗಿದರು. ಕರೆಂಟ್ ಹೋಗಿತ್ತು. ಕಿಟಕಿಯ ಕಡೆ ಮುಖ ಮಾಡಿ ಅಮ್ಮ ಕುಳಿತಿದ್ದರು. ತಿರುಗಲಿಲ್ಲ.

“ಬಂದ್ರಾ?” ಎಂದರು.

ಯಜಮಾನರ ರಕ್ತ ಹೆಪ್ಪುಗಟ್ಟಿತು. ಅಮ್ಮ ಮಗನಿಗೆ ಎಂದೂ ಬಹುವಚನ ಕೊಟ್ಟವರಲ್ಲ. ಅಮ್ಮನ ಬಾಯಲ್ಲಿ ಆ ಬಹುವಚನ ತಂದೆಯೊಬ್ಬರಿಗೇ ಮೀಸಲಾಗಿತ್ತು.

ಒಂದು ಹೆಜ್ಜೆ ಹಿಂದಿಟ್ಟರು. ಉಸ್ಸ್… ಹ್ಹಾ. ಶಬ್ದ ಬಂದದ್ದು ತಮ್ಮದೇ ಹಿಮ್ಮಡಿಯಿಂದ! ಬೆವರು ಕುಡಿದ ಸ್ಪಂಜು ತೂತುಗಳಲ್ಲಿ ಉಸಿರಾಡುತ್ತಿತ್ತು. ‘ಅಮ್ಮಾ, ಇದು ಶೂ’ ಎನ್ನಲು ಬಾಯಿ ತೆರೆದರು.

“ನಿಮ್ಮ ಮಗ ನನ್ನನ್ನ ಹಿಂದಿನ ಕೋಣೆಗೆ ಹಾಕ್ತಾನಂತೆ ಕಣ್ರೀ,” ಎಂದರು ಅಮ್ಮ.

ತೆರೆದ ಬಾಯಿ ತೆರೆದೇ ಇತ್ತು.

“ಇಲ್ಲಾದ್ರೆ ಬೀದೀಲಿ ಹೋಗೋ ಬರೋರ ಮುಖ ಕಾಣ್ಸತ್ತೆ. ಅಲ್ಲಿ ಗೋಡೆ ಜೊತೆ ಮಾತಾಡ್ಲಾ? ನಿಮಗೆ ಇದು ಸರಿ ಅನ್ಸತ್ತಾ?”

ಯಜಮಾನರು ಮುಜುಗರದಿಂದ ಕಾಲು ಬದಲಿಸಿದರು. ಉಸ್ಸ್…

“ನೋಡಿ, ನಿಮಗೂ ಸಂಕಟ ಆಯ್ತು! ಚಿಕ್ಕೋನಿದ್ದಾಗ ಕತ್ತಲೆ ಕೋಣೆ ಅಂದ್ರೆ ಚಡ್ಡಿ ಒದ್ದೆ ಮಾಡ್ಕೊಳ್ತಿದ್ದ. ಮರೆತುಬಿಟ್ನಾ?”

ಹ್ಹಾ, ಎಂದಿತು ಇನ್ನೊಂದು ಕಾಲು.

ಯಜಮಾನರು ತುದಿಗಾಲಲ್ಲಿ, ನಿಟ್ಟುಸಿರಿನ ಮೇಲೆ ನಿಟ್ಟುಸಿರು ಬಿಡುವ ಶೂಗಳನ್ನು ಶಪಿಸುತ್ತಾ ಹಿಂದೆ ಸರಿದರು. ನಡುಮನೆಯಲ್ಲಿ ಹೆಂಡತಿ ಮೇಣದಬತ್ತಿ ಹಿಡಿದು ನಿಂತಿದ್ದಳು.

“ಅಮ್ಮ ಮುಂದಿನ ಕೋಣೆಯಲ್ಲೇ ಇರ್ಲಿ,” ಎಂದು ಪಿಸುಗುಟ್ಟಿದರು. “ಕಾರ್ಯಾಗಾರ ಗೀರ್ಯಾಗಾರ ಏನೂ ಬೇಡ.”

“ಅರೆ, ಬುದ್ಧಿ ಬಂತಾ! ಯಾರು ಹೇಳಿದ್ರು?”

ಯಜಮಾನರು ಶೂ ಬಿಚ್ಚಲು ಬಗ್ಗುತ್ತಿರುವಾಗಲೇ ಕೋಣೆಯಿಂದ ಅಮ್ಮನ ದನಿ ಬಂತು. ಈ ಸಲ ಶುದ್ಧ ಏಕವಚನದಲ್ಲಿ.

“ಲೋ, ಎದುರಿಗೆ ಹೇಳಿದ್ರೆ ನೀನು ಕೇಳಲ್ಲ ಅಂತ ಅವರಿಗೇ ಹೇಳ್ದೆ ಕಣೋ! ನಿಮ್ಮಪ್ಪ ಜನ್ಮದಲ್ಲಿ ಶೂ ಹಾಕ್ಕೊಂಡು ಒಳಗೆ ಬಂದೋರಲ್ಲ. ಪೊರಕೆ ತಗೊಂಡು ಬಾ, ಈ ಮಣ್ಣು ಗುಡಿಸು!”