ಕುಂಬಳಕಾಯಿಯ ನೇರ ಪರಿಣಾಮ

ಓದಿದ ವಿದ್ಯೆಯನ್ನು ನೆಂಟರ ಮನೆಯಲ್ಲಿ ಪ್ರಯೋಗಿಸಬಾರದು. ಪರೀಕ್ಷೆಯಲ್ಲಿ ತಪ್ಪಿದರೆ ಅಂಕ ಹೋಗುತ್ತದೆ, ಅಷ್ಟೆ. ನೆಂಟರಲ್ಲಿ ತಪ್ಪಿದರೆ ಪ್ರತಿ ಮದುವೆಯ ಊಟದಲ್ಲೂ ಅದರ ಮಾತು ಬರುತ್ತದೆ. ನಾನು ಚಿಕ್ಕಬಳ್ಳಾಪುರದ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುತ್ತೇನೆ. ಶಿಡ್ಲಘಟ್ಟದ ಹತ್ತಿರದ ಹಳ್ಳಿಯಲ್ಲಿ ರೇಷ್ಮೆ ಹುಳು ಸಾಕುವ ನನ್ನ ಚಿಕ್ಕಮ್ಮ, ಬೆಳೆ ಮೇಲೆ ಬೆಳೆ ಕೈಕೊಟ್ಟಾಗ, ಹುಳುಮನೆಯ ಬಾಗಿಲಿಗೆ ಕೋರೆಹಲ್ಲಿನ ಮುಖ ಬರೆದ ಬೂದುಗುಂಬಳಕಾಯಿ ಕಟ್ಟಿದರು. ಮುಂದಿನ ಬೆಳೆ ಚೆನ್ನಾಗಿ ಬಂತು.

"ಲೆಕ್ಕ ಓದಿದ್ದೀಯಲ್ಲಮ್ಮ, ಹೇಳು. ಕಾಯಿಂದಾನೇ ಅಲ್ವಾ?" ಎಂದರು.

ಒಂದು ಬೆಳೆ ನೋಡಿ ಏನನ್ನೂ ಹೇಳಬಾರದೆಂದು ನನ್ನ ಮೊದಲ ವರ್ಷದ ಮಕ್ಕಳಿಗೂ ಗೊತ್ತು. ಆದರೆ ಅವರಿಗೆ ಯಾರೂ ಒಬ್ಬಟ್ಟು ಬಡಿಸಿರಲಿಲ್ಲ. ಕಾಯಿಗೂ ಬೆಳೆಗೂ ನಡುವೆ ಏನಾದರೂ ಬದಲಾಗಿತ್ತೇ ಎಂದು ಹುಡುಕಿದೆ. ಸೆಕೆ, ತೇವ, ಸೊಪ್ಪು ಎಲ್ಲವೂ ಹಿಂದಿನಂತೆಯೇ. ನಡುವಿನವುಗಳನ್ನು ಕಳೆದು ಉಳಿದದ್ದನ್ನು ನಮ್ಮ ಶಾಸ್ತ್ರದಲ್ಲಿ 'ನೇರ ಪರಿಣಾಮ' ಎನ್ನುತ್ತೇವೆ; ಇದು ಕಾಯಿಯ ನೇರ ಪರಿಣಾಮ ಎಂದುಬಿಟ್ಟೆ. ನೇರ ಎಂದರೆ 'ನಾನು ಅಳೆದವುಗಳ ಮೂಲಕ ಅಲ್ಲ' ಎಂದಷ್ಟೇ ಅರ್ಥ, ಅಳೆಯದೆ ಬಿಟ್ಟದ್ದು ಇನ್ನೇನೋ ಇರಬಹುದು ಎಂದು ಸೇರಿಸುವಷ್ಟರಲ್ಲಿ ಚಿಕ್ಕಮ್ಮ ಊರಿಗೆಲ್ಲ ಹೇಳಲು ಬೀದಿಗೆ ಇಳಿದಾಗಿತ್ತು.

ಮುಂದಿನ ಬೆಳೆಗೆ ನಾನು ಹೋದಾಗ ಹುಳು ಗೂಡು ಕಟ್ಟಲು ಸಿದ್ಧವಾಗಿತ್ತು. ಇನ್ನೊಂದು ಬೆಳೆ ಹೋದರೂ ಹಿಪ್ಪುನೇರಳೆ ಕಿತ್ತು ಟೊಮೇಟೊ ಹಾಕುವುದಾಗಿ ಚಿಕ್ಕಪ್ಪ ಹೇಳಿಬಿಟ್ಟಿದ್ದರು. ಚಿಕ್ಕಮ್ಮನಿಗೆ ಚಿಂತೆಯಿಲ್ಲ. ಕಾಯಿಯ ಪ್ರತಾಪ ತೋರಿಸಲು ಪಕ್ಕದ ಮನೆಯ ಮುನಿರತ್ನಮ್ಮನನ್ನು ಕರೆದು, ಕಾಫಿಗಿಡಲು ಒಳಗೆ ಹೋಗಿದ್ದರು.

ಮುನಿರತ್ನಮ್ಮ ಹುಳುಮನೆಯ ಮೆಟ್ಟಿಲ ಮೇಲೆ ನಿಂತು ಹೇಳಿದರು: "ಮೊದ್ಲು ದಿನಾ ಬಂದು ಹುಳದ ಹತ್ರಾನೇ ಕೂತ್ಕೊಂಡು ಮಾತಾಡ್ತಿದ್ದೆ ಕಣಮ್ಮ. ಈ ಮುಖ ನನ್ನ ನೋಡೇ ಹಲ್ಲು ಕಿರೀತೈತೆ ಅಂತ ಸಿಟ್ಟು ಬಂದು ಹೋದ ಬೆಳೇಲಿ ಈ ಕಡೆ ತಲೆನೇ ಹಾಕಿಲ್ಲ. ನಿಮ್ಮ ಚಿಕ್ಕಮ್ಮ ಕರೆದ್ರು ಅಂತ ಬಂದೆ. ನಮ್ಮ ಹುಳಕ್ಕೆ ಯಾವಾಗ್ಲೂ ರೋಗ. ಈಗ್ತಾನೆ ಬಾಚಿ ತಿಪ್ಪೆಗೆ ಹಾಕ್ಬಂದೆ."

ಅವರ ಕಾಲು ನೋಡಿದೆ, ಕೈ ನೋಡಿದೆ. ತೊಳೆದಿರಲಿಲ್ಲ. ಹುಳುವಿನ ರೋಗ ಹೀಗೆ ಕೈಕಾಲಿಗೆ ಅಂಟಿಕೊಂಡೇ ಮನೆಯಿಂದ ಮನೆಗೆ ಹೋಗುವುದು. ಕಾಯಿಯಿಂದ ಸಿಟ್ಟು, ಸಿಟ್ಟಿನಿಂದ ಗೈರುಹಾಜರಿ, ಅದರಿಂದ ರೋಗವಿಲ್ಲದ ಬೆಳೆ! ಸೆಕೆ ತೇವ ಅಳೆದವಳು ಸಿಟ್ಟನ್ನು ಅಳೆದಿರಲಿಲ್ಲ. ಯಾರ ಮನೆಗೆ ಹೋದರೂ ಮೂಲೆಯ ಕುರ್ಚಿ ಹುಡುಕುವ ನಾನು, ಬಾಗಿಲಿಗೆ ಎರಡೂ ಕೈ ಅಡ್ಡ ಹಿಡಿದು, "ಒಳಗೆ ಬರಬೇಡಿ" ಎಂದೆ.

"ಏನಮ್ಮಾ ಇದು? ಕಾಯಿ ಸಾಲ್ದು ಅಂತ ನಿನ್ನೂ ನಿಲ್ಸವ್ರಾ?" ಎಂದು ಅವರು ಹೊರಟೇಹೋದರು.

ಬೆಳೆ ಉಳಿಯಿತು, ಹಿಪ್ಪುನೇರಳೆಯೂ ಉಳಿಯಿತು. ಫೋನಿನಲ್ಲಿ ಚಿಕ್ಕಮ್ಮನಿಗೆ ರೋಗ, ಕಾಲು, ಸಿಟ್ಟು ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರು ತಾಳ್ಮೆಯಿಂದ ಕೇಳಿದರು.

"ಅದೂ ಇರಬಹುದು ಬಿಡು. ಹೆಂಗೂ ಕಾಯಿ ಕೊಳೆತೋಗೈತೆ. ಮುಂದಿನ ಬೆಳೆಗೆ ನೀನೇ ಬಂದು ಬಾಗಿಲಲ್ಲಿ ನಿಂತ್ಕೋಮ್ಮ. ನಿನ್ನ ಮುಖಕ್ಕಾದ್ರೆ ಬಣ್ಣಾನೂ ಬೇಡ."