ಕರಿಬೇವಿನ ಗಿರಾಕಿಗಳು

ನನ್ನ ಸೋದರಮಾವನಿಗೆ ಮನುಷ್ಯರ ಹೆಸರು ನೆನಪಿರುವುದಿಲ್ಲ. ನನ್ನನ್ನು ಇವತ್ತಿಗೂ ಕರೆಯುವುದು 'ಈರುಳ್ಳಿ ಇಲ್ಲದ ಉಪ್ಪಿಟ್ಟು' ಎಂದೇ! ಠಾಣೆ ಪಟ್ಟಣದ ಹೋಟೆಲೊಂದರಲ್ಲಿ ಆಯುಷ್ಯವಿಡೀ ಬಡಿಸಿದವರು. ಯಾರು ಏನು ತಿನ್ನುತ್ತಾರೋ ಅದೇ ಅವರ ಹೆಸರು.

ಕೆಲಸ ಬಿಟ್ಟ ಮೇಲೆ ಗಿರಾಕಿಗಳು ಬೇಡವೇ? 2012ರ ಮಳೆಗಾಲದಲ್ಲಿ ಮಾವ ತಮ್ಮ ವರ್ತಕ ನಗರದ ಮನೆಯ ಹಿತ್ತಿಲಲ್ಲಿ ಪ್ಲಾಸ್ಟಿಕ್ ಸ್ಟೂಲ್ ಹಾಕಿ ಕೂತರು. ಎಲೆಯ ಅಂಚನ್ನಷ್ಟೇ ಕತ್ತರಿಸುವ ಮಿಡತೆ 'ಹಾಫ್ ಪ್ಲೇಟ್' ಆಯಿತು. ಸಿಕ್ಕಿದ್ದನ್ನು ಹೊತ್ತುಕೊಂಡೇ ಹೋಗುವ ಇರುವೆಗಳು 'ಪಾರ್ಸೆಲ್'. ಉಳಿದ ಹುಳಗಳನ್ನು ಹಿಡಿದು ತಿನ್ನುವ ಸೂರ್ಯನ ಕುದುರೆ ಕೀಟಕ್ಕೆ ಮಾತ್ರ ಪ್ರವೇಶವಿಲ್ಲ. "ಇದು ಪ್ಯೂರ್ ವೆಜ್ ಮಾರಾಯಾ, ಎದುರಿನ ರಸ್ತೆಗೆ ಹೋಗು" ಎಂದು ಕಡ್ಡಿಯ ಮೇಲೆ ಹತ್ತಿಸಿಕೊಂಡು ಗೋಡೆ ದಾಟಿಸುತ್ತಿದ್ದರು!

ನಾನು ಅವರ ಮನೆಯಲ್ಲೇ ಇದ್ದ ಆ ತಿಂಗಳುಗಳ ಡೈರಿ ತೆಗೆದು ನೋಡಿದರೆ, ಮಾವ ನನ್ನ ಪರೀಕ್ಷೆಯ ಬಗ್ಗೆ ಕೇಳಿದ್ದು ಒಂದೇ ಸಲ. ಹುಳಗಳ ಊಟದ ಬಗ್ಗೆ? ಲೆಕ್ಕವನ್ನೇ ಬಿಟ್ಟಿದ್ದೇನೆ.

ಕರಿಬೇವಿನ ಗಿಡಕ್ಕೆ ಚಿಟ್ಟೆಯ ಹಸಿರು ಹುಳಗಳು ಬಂದಾಗ ಮನೆಯಲ್ಲಿ ಯುದ್ಧವಾಯಿತು. ಮಾವ ಗಿಡವನ್ನು ಪೂರ್ತಿ ಅವಕ್ಕೇ 'ರಿಸರ್ವ್' ಮಾಡಿ, ಒಗ್ಗರಣೆಗೆ ಮಾರ್ಕೆಟ್ಟಿನಿಂದ ಕರಿಬೇವು ತಂದರು.

"ಮನೆಯ ಗಿಡ ಹುಳಕ್ಕೆ, ನಮಗೆ ಭಾಜಿವಾಲಾನದ್ದು! ನಿಮಗೆ ತಲೆ ಸಮ ಉಂಟಾ?" ಎಂದರು ಅತ್ತೆ.

"ಬೆಳೆಯುವ ಮಕ್ಕಳು ಮಾರಾಯ್ತಿ!"

"ಬೆಳೆದ ಮೇಲೆ ನಿಮ್ಮನ್ನು ಸಾಕ್ತಾವಾ?"

ಮಾವನಿಗೆ ಒಂದೇ ಆಸೆ: ಗೂಡಿನಿಂದ ಚಿಟ್ಟೆ ಹೊರಬರುವುದನ್ನು ಕಣ್ಣಾರೆ ನೋಡಬೇಕು. ಮೊದಲನೆಯದು ಅವರು ಸ್ನಾನಕ್ಕೆ ಹೋದಾಗ ಹೊರಟುಹೋಯಿತು. ಎರಡನೆಯದಕ್ಕೆ ಸ್ನಾನ ಬಿಟ್ಟು ಕಾದರು. ಚಹಾಕ್ಕೆ ಒಳಗೆ ಹೋದಾಗ ಅದೂ ಪರಾರಿ! ಉಳಿದದ್ದು ಒಂದೇ ಗೂಡು. ಅಷ್ಟರಲ್ಲಿ ಅವರ ಬಲಗಣ್ಣಿನ ಪೊರೆಯ ಆಪರೇಷನ್ ದಿನ ಬಂತು.

"ಡಾಕ್ಟ್ರೇ, ನಾಲ್ಕು ದಿನ ಮುಂದೆ ಹಾಕಿ. ಮನೆಯಲ್ಲಿ ಹೆರಿಗೆ ಉಂಟು."

"ಯಾರಿಗೆ?" ಎಂದು ಡಾಕ್ಟರು ಗಾಬರಿಯಾದರು. ಅತ್ತೆ ಮಾವನ ಕೈ ಹಿಡಿದು ಆಪರೇಷನ್ ಕೋಣೆಗೆ ದಬ್ಬಿದರು.

ಮರುದಿನ ಬೆಳಿಗ್ಗೆ ಗೂಡು ಬಿರಿಯಿತು. ಮಾವನ ಬಲಗಣ್ಣಿಗೆ ಪಟ್ಟಿ. ಎಡಗಣ್ಣಿಗೂ ಪೊರೆ, ಎಲ್ಲವೂ ಮಂಜು ಮಂಜು. ಅತ್ತೆ ಒಲೆ ಆರಿಸಿ ಬಂದು ಅವರ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತರು.

"ತಲೆ ಬಂತು... ಈಗ ಕಾಲು. ರೆಕ್ಕೆ ಒದ್ದೆ ಒದ್ದೆ ಉಂಟು, ಮುದುಡಿಕೊಂಡಿದೆ. ತಡೀರಿ, ಬಿಚ್ತಾ ಉಂಟು..."

"ಬಣ್ಣ?"

"ಕಪ್ಪು. ಅಂಚಿಗೆ ಬಿಳಿ ಚುಕ್ಕೆ. ಚಂದ ಉಂಟು ಇವ್ರೇ."

ರೆಕ್ಕೆ ಒಣಗುವವರೆಗೂ ಅತ್ತೆ ಹೇಳುತ್ತಲೇ ಇದ್ದರು. ಆಮೇಲೆ ಚಿಟ್ಟೆ ಗೋಡೆ ದಾಟಿ ಹಾರಿಹೋಯಿತು. ನಾನೂ ನೋಡಿದೆ, ಅತ್ತೆಯೂ ನೋಡಿದರು.

ಮಾವ ಮಂಜುಗಣ್ಣನ್ನು ಕೊಂಬೆಯತ್ತ ಅರಳಿಸಿ ಕೇಳಿದರು: "ಹೋಯ್ತಾ?"

"ಇಲ್ಲ," ಎಂದರು ಅತ್ತೆ, ಬರಿದಾದ ಕೊಂಬೆಯನ್ನೇ ನೋಡುತ್ತಾ. "ಇಲ್ಲೇ ಉಂಟು. ನಿಮ್ಮನ್ನೇ ನೋಡ್ತಾ ಉಂಟು."